ಕಪ್ ಮೇಲಿನ ಸಂಖ್ಯೆ

"ಇನ್ನೊಂದು ವಾರ ತಡೀಬಹುದಲ್ಲಮ್ಮಾ?" ಎಂದರು ಮೇಷ್ಟ್ರು, ಲಕೋಟೆಯ ಮೇಲೆ ಅಂಗೈ ಊರಿಕೊಂಡು.

"ವಿಧಾನ ಸರಿ ಇದೆ ಅಂತ ನೀವೂ ಸಹಿ ಹಾಕಿದೀರಲ್ಲ ಸರ್," ಎಂದಳು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಅವಳು.

ಕೊಲೈಡರ್ ಯಂತ್ರದಲ್ಲಿ ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಹುಟ್ಟಿ, ಹುಟ್ಟಿದ ಗಳಿಗೆಯಲ್ಲೇ ಒಡೆದುಹೋಗುವ ಭಾರದ ಕಣವೊಂದು. ಉತ್ತೇಜಿತ ಬೇರಿಯಾನ್ ಎನ್ನುತ್ತಾರೆ. ಅದರ ಚೂರುಗಳನ್ನು ಕೂಡಿಸಿ ಕೂಡಿಸಿ ಅದರ ತೂಕ ಹಿಡಿಯಲು ಅವಳು ಮೂರು ವರ್ಷ ಸವೆಸಿದ್ದಳು. ಅಳೆಯುವವರ ಮನಸ್ಸು ಬೇಕಾದ ಉತ್ತರದ ಕಡೆ ವಾಲಬಾರದೆಂದು ಅಲ್ಲಿ ಒಂದು ಪದ್ಧತಿ. ಮೂರನೆಯವರೊಬ್ಬರು ಲೆಕ್ಕದೊಳಗೆ ಗುಟ್ಟಾಗಿ ಒಂದು ಅಂಕಿ ಸೇರಿಸಿ, ಅದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಾರೆ. ಎಲ್ಲರ ಸಹಿ ಬಿದ್ದ ಮೇಲೆಯೇ ಅದನ್ನು ಒಡೆಯುವುದು. ಆಮೇಲೆ ಬಂದದ್ದು ಬಂದ ಹಾಗೆ.

ಆ ಕಣವನ್ನು ಇಪ್ಪತ್ತು ವರ್ಷದ ಹಿಂದೆ ಮೊದಲು ಕಂಡವರು ಮೇಷ್ಟ್ರೇ. ಸಿಕ್ಕಿದ್ದು ಬರೀ ಮೂವತ್ತೆಂಟು ಸಲ, ಆದರೂ ಸಂಭ್ರಮಕ್ಕೇನೂ ಕೊರತೆ ಇರಲಿಲ್ಲ. ಅವರು ಅಳೆದ ತೂಕ, 6288, ವಿಭಾಗದ ಕಪ್‌ಗಳ ಮೇಲೆಲ್ಲ ಅಚ್ಚಾಗಿತ್ತು. ಅವಳೂ ದಿನಾ ಅದರಲ್ಲೇ ಚಹಾ ಕುಡಿಯುತ್ತಿದ್ದಳು. ಈ ತಿಂಗಳ ಕೊನೆಗೆ ಅವಳ ಕೆಲಸದ ಅವಧಿ ಮುಗಿಯುತ್ತದೆ. ಮುಂದುವರಿಯಬೇಕಾದರೆ ಅದರ ಕಾಗದಕ್ಕೆ ಮೇಷ್ಟ್ರ ಸಹಿ ಬೇಕು.

"ಮೊದಲು ಒಡೀರಪ್ಪ," ಎಂದಳು ಆಫೀಸಿನ ಅಕ್ಕ. "ನಾಲ್ಕು ತಿಂಗಳಿಂದ ಬೀಗ ಹಾಕಿ ಕಾದಿದೀನಿ. ನನ್ನ ಒಡವೆನೂ ಇಷ್ಟು ಜೋಪಾನ ಮಾಡಿದೋಳಲ್ಲ."

ಮೇಷ್ಟ್ರು ಕೈ ತೆಗೆದರು. ಅಕ್ಕ ಲಕೋಟೆ ಹರಿದು ಓದಿದಳು: "ಮೂವತ್ಮೂರು."

ಅವಳು ಬೋರ್ಡಿನ ಮೇಲಿದ್ದ ತನ್ನ ಉತ್ತರ, ಗುಟ್ಟಿನ ಅಂಕಿಯೂ ಸೇರಿದ್ದ 6314ರಿಂದ ಮೂವತ್ತಮೂರು ಕಳೆದಳು. 6281.

"ಏಳು ಕಮ್ಮಿ," ಎಂದರು ಮೇಷ್ಟ್ರು. "ಎಲ್ಲೋ ಎಡವಟ್ಟಾಗಿದೆ. ಚೂರುಗಳನ್ನ ಬಗ್ಗಿಸೋ ಅಯಸ್ಕಾಂತದ ಲೆಕ್ಕ ಮತ್ತೆ ನೋಡು."

"ನಾಲ್ಕು ಸಲ ನೋಡಿದೀನಿ ಸರ್. ಗೊತ್ತಿರೋ ಕಣಗಳ ತೂಕ ಎಲ್ಲ ಸರಿಯಾಗೇ ಬರ್ತಿದೆ."

"ಐದನೇ ಸಲ ನೋಡು. ನಿನ್ನ ಕಾಗದ ನನ್ನ ಮೇಜಿನ ಮೇಲೇ ಇದೆ, ಎಲ್ಲಿಗೂ ಓಡಿಹೋಗಲ್ಲ."

ಮೆಲ್ಲಗೇ ಹೇಳಿದರು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

"ನಿಮ್ಮ ಎಂಬತ್ತೆಂಟೇ ಬಂದಿದ್ರೆ ಮತ್ತೆ ನೋಡು ಅಂತಿದ್ರಾ?"

ಮೇಷ್ಟ್ರು ಅಕ್ಕನ ಕೈಯಿಂದ ಚೀಟಿ ಇಸಕೊಂಡು ತಾವೇ ಓದಿದರು.

"ಉತ್ತರ ಹಿಡಿಸಲಿಲ್ಲ ಅಂತ ತಪ್ಪು ಹುಡುಕಬಾರದು ಅಂತ ಹೇಳಿಕೊಟ್ಟೋರು ನೀವೇ. ಕಾಗದಕ್ಕೆ ಸಹಿ ಹಾಕಲ್ವಾ, ಬಿಡಿ. ಇದನ್ನ ಮಾತ್ರ ನಾನು ಅಲ್ಲಾಡಿಸಲ್ಲ."

ಅವಳು 6281ರ ಕೆಳಗೆ ಸೀಮೆಸುಣ್ಣ ಮುರಿದು ನೆಲಕ್ಕೆ ಬೀಳುವಷ್ಟು ಒತ್ತಿ ಎರಡು ಗೆರೆ ಎಳೆದಳು.

ಚಹಾ ಬಂತು. ಅಕ್ಕ ಪಾಪ, ಹುಡುಕಿ ಸಂಖ್ಯೆ ಇಲ್ಲದ ಒಂದು ಗಾಜಿನ ಲೋಟ ತಂದುಕೊಟ್ಟಳು. ಅವಳು ಅದನ್ನು ಪಕ್ಕಕ್ಕಿಟ್ಟು, ಎಂದಿನ ಕಪ್ಪಿಗೇ ಬಗ್ಗಿಸಿಕೊಂಡು ಮೇಷ್ಟ್ರ ಎದುರಿನ ತನ್ನ ಕುರ್ಚಿಯಲ್ಲೇ ಕೂತಳು.

ಮೇಷ್ಟ್ರು ತಮ್ಮ ಕಪ್ ಮುಟ್ಟಲಿಲ್ಲ. ಎದ್ದು ಬೋರ್ಡಿನ ಹತ್ತಿರ ಹೋದರು. ಒರೆಸಿಯೇಬಿಡುತ್ತಾರೆ ಎಂದುಕೊಂಡಳು ಅವಳು. ಅವರು ನೆಲದಿಂದ ಸೀಮೆಸುಣ್ಣದ ತುಂಡು ಹೆಕ್ಕಿಕೊಂಡು ತಿರುಗಿದರು.

"ಎಷ್ಟು ಆಚೀಚೆ ಆಗಬಹುದು ಅಂತ ಬರೀದೆ ಬರೀ ಸಂಖ್ಯೆ ಬರೀಬಾರದು," ಎಂದರು ಒರಟಾಗಿ. "ಮೂರು ವರ್ಷದಿಂದ ಬಡ್ಕೊಂಡಿದೀನಿ."

ಕಾಗದದ ಮಾತು ಅವರು ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಕಪ್ ಹಿಡಿದುಕೊಂಡೇ ಎದ್ದು ಹೋಗಿ ಅವರ ಕೈಯಿಂದ ತುಂಡನ್ನು ತೆಗೆದುಕೊಂಡಳು, 6281ರ ಪಕ್ಕದಲ್ಲಿ ಬರೆದಳು: ± 0.5.