ಗುಂಡುಪಿನ್ನಿನ ತುಟಿಗುಳ್ಳೆ

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗುಂಡುಪಿನ್ ಎಂದೇ ಕರೆಯುತ್ತಿದ್ದರು. ಬಟ್ಟೆಗೆ ಮಡಿಕೆ ಹಿಡಿಯುವಾಗ ಪಿನ್ನುಗಳನ್ನೆಲ್ಲ ತುಟಿಗಳ ನಡುವೆ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ಡಬ್ಬಿ ಪಕ್ಕದಲ್ಲೇ ಇದ್ದರೂ ಅದರ ಕಡೆ ಕೈ ಹೋಗುತ್ತಿರಲಿಲ್ಲ. ತುಟಿಗೆ ಚುಚ್ಚದ ದಿನವೇ ಇಲ್ಲ. ರಕ್ತ ಬಂದರೆ ಒರೆಸಿಕೊಂಡು ಮುಂದಿನ ಮಡಿಕೆ ಹಿಡಿಯುವುದು, ಅಷ್ಟೇ.

ಕಟಿಂಗ್ ಮಾಸ್ಟರ್ ಅವಳಿಗೆ ಮುತ್ತು ಕೊಟ್ಟದ್ದು ಬಟ್ಟೆಯ ಥಾನುಗಳನ್ನು ಜೋಡಿಸಿಡುವ ಕೋಣೆಯಲ್ಲಿ. ಸುಳ್ಳೇಕೆ, ಅವಳೂ ಕೊಟ್ಟಳು. ಅವನ ತುಟಿಯ ಮೂಲೆಯಲ್ಲಿ ಕೆಂಪಗೆ, ನೀರು ತುಂಬಿದಂತೆ ಏನೋ ಇತ್ತು, ಗಡ್ಡ ಮಾಡುವಾಗ ಬ್ಲೇಡ್ ತಾಗಿತು ಎಂದಿದ್ದ. ಮುತ್ತಿಗಿಂತ ಮುಂದೆ ಏನೂ ನಡೆಯಲಿಲ್ಲ. ಆದರೆ ಮಾರನೆಯ ದಿನ ಇಸ್ತ್ರಿಯವಳು "ಮಾಸ್ಟರ್‌ಗೆ ಊರ ತುಂಬಾ ಗೆಳತಿಯರು ಕಣೇ" ಎಂದು ನಕ್ಕಾಗ ಇವಳ ಎದೆ ಧಸಕ್ಕೆಂದಿತು.

ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಆ ದೊಡ್ಡ ಕಾಯಿಲೆ ತನಗೆ ಬಂದೇಬಿಟ್ಟಿದೆ ಎಂದು ತಾನೇ ತೀರ್ಮಾನಿಸಿಬಿಟ್ಟಳು. ಮನೆಯಲ್ಲಿ ಅಮ್ಮ, ಅಣ್ಣ, ಬಾಣಂತಿ ಅತ್ತಿಗೆ, ಆಗಷ್ಟೇ ಹುಟ್ಟಿದ ಕೂಸು. ಯಾರ ಹತ್ತಿರ ಹೇಳುವುದು? ತುಟಿ ಪಿಟಕ್ಕೆನ್ನದೆ, ಕೂಸನ್ನು ಮುಟ್ಟಲೂ ಹೆದರಿ, ದೂರ ದೂರವೇ ಓಡಾಡಿದಳು. ಕೊನೆಗೆ ಧೈರ್ಯ ಮಾಡಿ ಆರೋಗ್ಯ ಕೇಂದ್ರದಲ್ಲಿ ಸಲಹೆ ಕೊಡುವ ಹೆಂಗಸಿನ ಮುಂದೆ ಹೋಗಿ ಕೂತಳು.

"ಬರೀ ಮುತ್ತು ತಾನೆ? ಅದರಿಂದ ಎಚ್‌ಐವಿ ಬರಲ್ಲಮ್ಮ. ಬೇರೆ ಏನಾದ್ರೂ ತೊಂದ್ರೆ ಇದ್ಯಾ?"

"ಏನಿಲ್ಲ ಮೇಡಂ."

ಕೆಳತುಟಿಯ ಅಂಚು ಬೆಳಿಗ್ಗೆಯಿಂದ ಚುರುಗುಟ್ಟುತ್ತಿತ್ತು. ಪಿನ್ನಿನದ್ದು, ಅದನ್ನೂ ಒಂದು ತೊಂದರೆ ಎಂದು ಹೇಳುತ್ತಾರೆಯೇ?

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆಗೆ ಬಂದವಳೇ ಕೈಕಾಲು ತೊಳೆದು ಕೂಸನ್ನು ಎತ್ತಿಕೊಂಡಳು. ಕೆನ್ನೆಗೆ, ಹಣೆಗೆ, ಪುಟ್ಟ ಬಾಯಿಗೆ ಲೊಚಲೊಚ ಮುತ್ತಿಟ್ಟಳು.

"ಸಾಕು ಬಿಡೇ, ನನ್ನ ಮಗ ಸವೆದು ಹೋದಾನು!" ಎಂದು ಅತ್ತಿಗೆ ನಕ್ಕಳು.

ಮರುದಿನ ಇವಳ ತುಟಿಯ ಮೇಲೆ ನೀರುಗುಳ್ಳೆಗಳೆದ್ದವು. ಪಿನ್ ಚುಚ್ಚಿ ಕೀವಾಗಿದೆ ಎಂದಳು. ಮನೆಯವರು ನಂಬಿದರು. ಅವಳೂ ನಂಬಿದ್ದಳು, ಅದೇ ದುರಂತ.

ಮುಂದಿನ ವಾರ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ಎಷ್ಟು ಎಬ್ಬಿಸಿದರೂ ಕಣ್ಣು ತೆರೆಯದು. ಅಮ್ಮ ಹೊಟ್ಟೆಯುಬ್ಬರ ಎಂದಳು, ಅಣ್ಣ ನಾಳೆ ನೋಡೋಣ ಎಂದ. ಅತ್ತಿಗೆ ಯಾರ ಮಾತಿಗೂ ಕಿವಿಗೊಡದೆ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಟಾಗ ಎಲ್ಲರೂ ಹಿಂದೆಯೇ ಓಡಿದರು.

ಮಕ್ಕಳ ಡಾಕ್ಟರ್ ಕೂಸಿನ ಮೈಯೆಲ್ಲ ನೋಡಿ ಕೇಳಿದರು. "ಮನೇಲಿ ಯಾರಿಗಾದ್ರೂ ತುಟಿ ಮೇಲೆ ನೀರುಗುಳ್ಳೆ ಆಗಿತ್ತಾ? ಅಂಥವರು ಮಗೂಗೆ ಮುತ್ತು ಕೊಟ್ರಾ? ತುಟಿಯಿಂದ ತುಟಿಗೆ ಹತ್ತೋ ಸೋಂಕು ಅದು. ದೊಡ್ಡವರಿಗೆ ಬಂದು ಹೋಗುತ್ತೆ, ಇಷ್ಟು ಚಿಕ್ಕ ಮಕ್ಕಳಿಗೆ ಜೀವಕ್ಕೇ ಕುತ್ತು."

ಅಮ್ಮ ತಕ್ಷಣ, "ಯಾರಿಗೂ ಆಗಿಲ್ಲ ಡಾಕ್ಟ್ರೇ. ಇವಳಿಗೆ ಪಿನ್ ಚುಚ್ಚಿತ್ತು, ಹೊಲಿಗೆ ಕೆಲಸದವಳು ನೋಡಿ" ಎಂದಳು.

"ಹಾಗಾದ್ರೆ ರಕ್ತಕ್ಕೆ ಬರ್ಕೊಡ್ತೀನಿ. ರಿಪೋರ್ಟ್ ಬರ್ಲಿ, ಆಮೇಲೆ ನೋಡೋಣ."

ಅವಳಿಗೆ ಮಾಸ್ಟರ್‌ನ ತುಟಿ ನೆನಪಾಯಿತು. ಬ್ಲೇಡ್ ತಾಗಿದ ಗಾಯದಲ್ಲಿ ನೀರು ತುಂಬಿಕೊಂಡಿರುತ್ತದೆಯೇ? ಅವನ ತುಟಿಯಲ್ಲಿ ಅವತ್ತು ಕಂಡದ್ದೇ ಆಮೇಲೆ ತನ್ನ ತುಟಿಯಲ್ಲೂ ಎದ್ದಿತ್ತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಅಮ್ಮ ದಾರಿಯನ್ನೂ ಮಾಡಿಕೊಟ್ಟಿದ್ದಳು. ಅತ್ತಿಗೆಯ ತೊಡೆಯ ಮೇಲೆ ಕೂಸಿನ ತಲೆ ವಾಲಿತ್ತು.

"ಅದು ಪಿನ್ ಅಲ್ಲ ಡಾಕ್ಟ್ರೇ" ಎಂದಳು. "ಒಬ್ಬರಿಗೆ ಮುತ್ತು ಕೊಟ್ಟಿದ್ದೆ. ಅವರಿಗೂ ಗುಳ್ಳೆ ಇತ್ತು. ಆಮೇಲೆ ಪಾಪೂಗೆ ಕೊಟ್ಟೆ. ಬಾಯಿಗೇ ಕೊಟ್ಟೆ."

ಡಾಕ್ಟರ್ ಬೇರೇನೂ ಕೇಳಲಿಲ್ಲ. "ರಿಪೋರ್ಟಿಗೆ ಕಾಯೋದು ಬೇಡ, ಔಷಧಿ ಈಗಲೇ ಶುರು ಮಾಡೋಣ" ಎಂದು ನರ್ಸ್ ಕೈಯಲ್ಲಿ ಕೂಸನ್ನು ಒಳಗೆ ಕಳಿಸಿ, ತಾವೂ ಹಿಂದೆಯೇ ಹೋದರು.

ಅಮ್ಮ ಮಗಳ ರಟ್ಟೆ ಹಿಡಿದಳು. "ಯಾರೇ ಅವನು? ಬೊಗಳೇ!"

ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ಅತ್ತಿಗೆ ಹೊಡೆಯಲೆಂದು ಕೈ ಎತ್ತಿಯೇಬಿಟ್ಟಿದ್ದಳು, ಏನೆನ್ನಿಸಿತೋ, ಇಳಿಸಿದಳು.

"ಅವಳನ್ನ ಬಿಡಿ ಅತ್ತೆ. ಅವನು ಯಾರಾದ್ರೆ ನನಗೇನು?" ಅತ್ತಿಗೆ ನಾದಿನಿಯ ಕಡೆ ತಿರುಗಿದಳು. "ನನ್ನ ಮಗನ ಹತ್ರ ಬರಬೇಡ ನೀನು. ಆದ್ರೆ ಇಲ್ಲಿಂದ ಹೋಗಲೂಬೇಡ. ಡಾಕ್ಟ್ರು ಮತ್ತೇನಾದ್ರೂ ಕೇಳಿದ್ರೆ ನಿಜ ಹೇಳೋಕೆ ನೀನೊಬ್ಬಳೇ ಇರೋದು."