ನಿಲ್ಲದ ಕ್ಯಾಮೆರಾ

ಅಣ್ಣ ತೆಗೆದಿದ್ದ ಒಂದೇ ಒಂದು ಸಿನಿಮಾವನ್ನು ತಂಗಿ ನೋಡಿಯೇ ಇರಲಿಲ್ಲ. ಎಪ್ಪತ್ತೆರಡನೇ ಇಸವಿಯಲ್ಲಿ ಯಾರದೋ ಕ್ಯಾಮೆರಾ ಬೇಡಿ ತಂದು, ಗೆಳೆಯರನ್ನೇ ಕಟ್ಟಿಕೊಂಡು ತೆಗೆದ ಚಿತ್ರ. ನಾಯಕಿ ಅವಳೇ. ನಾಯಕ, ರೇಡಿಯೊ ರಿಪೇರಿಯ ಲಂಬು, ಅವಳ ಕೈಹಿಡಿಯಬೇಕಿದ್ದವನು. ಚಿತ್ರೀಕರಣ ಇನ್ನೇನು ಮುಗಿಯಿತು ಅನ್ನುವಾಗ ಅವನು ಕೆರೆಯಲ್ಲಿ ಮುಳುಗಿ ಸತ್ತ. "ಕ್ಯಾಮೆರಾ ಬಂದ್ ಮಾಡಿ ಊಟಕ್ಕೆ ಹೋಗಿದ್ವಿ, ಹತ್ರ ಯಾರೂ ಇರ್ಲಿಲ್ಲ" ಎಂದು ಅಣ್ಣ ಬಿಕ್ಕಿಬಿಕ್ಕಿ ಅತ್ತಿದ್ದ. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಅವಳು ನಂಬಿದ್ದಳು. ಅಣ್ಣ ಒಬ್ಬನೇ ಕೂತು ಜೋಡಿಸಿದ ರೀಲುಗಳು ತಗಡಿನ ಪೆಟ್ಟಿಗೆ ಸೇರಿದವು.

ಈಗ ಫಿಲ್ಮ್ ಸೊಸೈಟಿಯವರು ಅದನ್ನು ಹುಡುಕಿಕೊಂಡು ಬಂದಿದ್ದರು. ತಾನು ಸಾಯುವ ಮುಂಚೆ ಒಮ್ಮೆಯಾದರೂ ಜನ ನೋಡಲಿ ಎಂದು ಅಣ್ಣ ಒಪ್ಪಿದ. ಆದರೆ ಪ್ರದರ್ಶನವಿದ್ದ ಭಾನುವಾರ ಬೆಳಗಿನಿಂದ ಅವನದು ಒಂದೇ ರಾಗ: "ಈ ಬಿಸಿಲಲ್ಲಿ ನೀನ್ಯಾಕೆ? ಮನೇಲೇ ಇರು."

"ನಾಯಕೀನೇ ಇಲ್ದಿದ್ರೆ ಏನು ಚೆಂದ?" ಎಂದು ಅವಳು ನಕ್ಕಳು. ಅವನು ನಗಲಿಲ್ಲ.

ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದ ಪುಟ್ಟ ಹಾಲ್. ತೆರೆಯ ಮೇಲೆ ತನ್ನದೇ ಎರಡು ಜಡೆ ಕಂಡು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೆರೆ ಬಂತು. ಲಂಬು ನೀರಿಗಿಳಿದ. ಎದೆಮಟ್ಟಕ್ಕೆ ಹೋದವನ ಕಾಲು ಜಾರಿತು. ಕೈ ಎತ್ತಿ ಕೂಗಿದ. ಕೂಗು ಕೇಳಿಸಲಿಲ್ಲ, ಆ ದೃಶ್ಯಕ್ಕೆ ಸದ್ದೇ ಇರಲಿಲ್ಲ. ಕ್ಯಾಮೆರಾ ಅಲುಗಾಡದೆ, ನಿಧಾನವಾಗಿ, ಅವನ ಮುಖವನ್ನು ಹತ್ತಿರಕ್ಕೆ ತಂದಿತು. ಲಂಬು ನೇರವಾಗಿ ಅದನ್ನೇ ನೋಡುತ್ತಿದ್ದ.

ಅವಳು ಅಣ್ಣನ ಕಡೆ ತಿರುಗಿದಳು. "ಊಟಕ್ಕೆ ಹೋಗಿದ್ರಿ, ಅಲ್ವಾ ಅಣ್ಣಾ?"

ಅವನು ತೆರೆಯಿಂದ ಕಣ್ಣು ಕೀಳಲಿಲ್ಲ. "ಉಳಿದೋರು ಹೋಗಿದ್ರು, ನಾನೊಬ್ನೇ ಇದ್ದೆ. ಮೊದಲು ನಟಿಸ್ತಿದಾನೆ ಅಂದ್ಕೊಂಡೆ ಕಣೆ."

"ಆಮೇಲೆ?"

"ಆಮೇಲೆ... ಬೆಳಕು ತುಂಬಾ ಚೆನ್ನಾಗಿ ಬಿದ್ದಿತ್ತು."

ದೀಪ ಹತ್ತಿತು. ಚಪ್ಪಾಳೆಯೋ ಚಪ್ಪಾಳೆ. ಸೊಸೈಟಿಯ ಕಾರ್ಯದರ್ಶಿ ಮೈಕ್ ಹಿಡಿದು ಬಂದರು. "ಆ ಮುಳುಗೋ ದೃಶ್ಯ ಎಷ್ಟು ಸಹಜವಾಗಿದೆ ಸಾರ್! ಹೇಗೆ ತೆಗೆದ್ರಿ?"

"ನಾನು ಹೇಳ್ತೀನಿ" ಎಂದು ಅವಳು ಎದ್ದಳು. ಅಣ್ಣ ತೋಳು ಹಿಡಿದೆಳೆದ. ಕೊಸರಿಕೊಂಡು ಮುಂದೆ ಹೋಗಿ, ಒಂದನ್ನೂ ಬಿಡದೆ ಹೇಳಿದಳು.

"ಲಂಬು ತಂಗಿ ಇದೇ ಊರಲ್ಲಿದಾಳೆ. ಅವಳನ್ನ ಕರೆಸಿ. ಅಲ್ಲೀವರೆಗೂ ಆ ರೀಲು ಯಾರೂ ಮುಟ್ಬೇಡಿ" ಎಂದಳು.

ಅಷ್ಟರಲ್ಲಿ ಅಣ್ಣ ಗೋಡೆ ಹಿಡಿದುಕೊಂಡು ರೀಲು ಬಿಚ್ಚಿಕೊಳ್ಳಲು ಪ್ರೊಜೆಕ್ಟರ್ ಕಡೆ ಹೊರಟಿದ್ದ. ಅವಳು ಸರಸರನೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅಣ್ಣ ಅವಳ ಮುಖ ನೋಡಿದ. ಅವಳು ಒಂದು ಹೆಜ್ಜೆಯೂ ಕದಲಲಿಲ್ಲ.