ದಣಿಗಳು ಕೂತ ಬದಿ

ವೀರರಾಜ ದಣಿಗಳ ಜೀಪನ್ನು ಗುರುತಿಸಲು ಮೂಡುಬಿದಿರೆಯಲ್ಲಿ ಯಾರೂ ನಂಬರು ನೋಡುತ್ತಿರಲಿಲ್ಲ. ಶಿರ್ತಾಡಿಯ ತಿರುವಿನಲ್ಲಿ ಒಂದು ಜೀಪು ಎಡಕ್ಕೆ ವಾಲಿಕೊಂಡು ಬಂತೆಂದರೆ ಅದು ಅವರದ್ದೇ. ಐವತ್ತರ ದಶಕದ ಸುರುವಿಗೆ ಮನೆಗೆ ಬಂದಾಗ ಅದೂ ನೆಟ್ಟಗೇ ಇತ್ತು. ಆದರೆ ದಣಿಗಳು ಸಾಧಾರಣ ಗಾತ್ರದ ಆಳಲ್ಲ. ಡ್ರೈವರ್ ಮುಂಡಪ್ಪನ ಪಕ್ಕದ ಸೀಟಿನಲ್ಲಿ ಅವರು ವರ್ಷಗಟ್ಟಲೆ ಕೂತು ಕೂತು ಆ ಬದಿಯ ಸ್ಪ್ರಿಂಗ್ ಪ್ಲೇಟುಗಳು ಸೋತುಹೋದವು. ಬಂಟ್ವಾಳದ ಗ್ಯಾರೇಜಿನ ರಹ್ಮತ್ ಆಗಾಗ ಪ್ಲೇಟು ಬಗ್ಗಿಸಿ ಎತ್ತಿ ಕೊಡುತ್ತಿದ್ದ. ಅವನು ಮುಂಬಯಿಗೆ ಕೆಲಸಕ್ಕೆ ಹೋದ ಮೇಲೆ ದಣಿಗಳು ಬೇರೆಯವರಿಗೆ ಜೀಪು ಮುಟ್ಟಲು ಬಿಡಲಿಲ್ಲ. ವಾಲುವುದು ಹೆಚ್ಚಿತು. ಮುಂಡಪ್ಪನೂ ಸ್ಟೇರಿಂಗನ್ನು ತುಸು ಬಲಕ್ಕೆ ಎಳೆದು ಹಿಡಿಯಲು ಕಲಿತ. ಅದೇ ಸರಿ ಅನ್ನಿಸತೊಡಗಿತು.

ಅರವತ್ತನಾಲ್ಕರಲ್ಲಿ ದಣಿಗಳು ತೀರಿಕೊಂಡರು. ಜೀಪು ಅಂಗಳದಲ್ಲಿ ಹಾಗೇ ಎಡಕ್ಕೆ ವಾಲಿ ನಿಂತಿತು. ಅವರ ಹೆಂಡತಿ ರಾಜಮತಿಯಮ್ಮ ವರ್ಷ ಕಳೆದರೂ ಅದನ್ನು ಹತ್ತಲಿಲ್ಲ.

"ಅವರು ಕೂತ ಹಾಗೇ ಕಾಣ್ತದೆ. ನನ್ನಿಂದ ಆಗುವುದಿಲ್ಲ," ಎಂದರು.

ಬಸ್ಸೆಂದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಬೆಳ್ತಂಗಡಿಯಲ್ಲಿ ಮಗಳು ವಿಮಲಾ ಹೆತ್ತು ಮೂರು ತಿಂಗಳಾಗಿತ್ತು. ಅಜ್ಜಿ ಇನ್ನೂ ಮೊಮ್ಮಗನ ಮುಖ ನೋಡಿರಲಿಲ್ಲ. ಕೊನೆಗೆ ಮಗ ಅನಂತರಾಜ ಮುಂಡಪ್ಪನನ್ನು ಕರೆದು ಹೇಳಿದ: "ರಹ್ಮತ್ ಊರಿಗೆ ಬಂದಿದ್ದಾನಂತೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲ ಬದಲಾಯಿಸಿ ಜೀಪನ್ನು ಮಟ್ಟ ಮಾಡಿಸಿಕೊಂಡು ಬಾ. ಮತ್ತೆ ಅಮ್ಮ ಹೊರಡದೆ ಇರುವುದು ಹೇಗೆ ನೋಡುವ."

ಗ್ಯಾರೇಜಿನಲ್ಲಿ ರಹ್ಮತ್ ಎದ್ದು ಬಂದು ಜೀಪಿನ ಬೆನ್ನು ತಟ್ಟಿದ. "ದಣಿಗಳು ಸುಖವಾ ಮುಂಡಪ್ಪಣ್ಣ?"

"ಸುಖ," ಎಂದುಬಿಟ್ಟ ಮುಂಡಪ್ಪ.

ಅದೇ ಪ್ರಶ್ನೆ, ಅದೇ ಜಾಗ. ಇಷ್ಟು ವರ್ಷ ಅದೇ ಉತ್ತರ ಕೊಟ್ಟ ನಾಲಗೆ ತಲೆಯನ್ನು ಕೇಳದೆಯೇ ಆಡಿತು. ತಿದ್ದಿ ಹೇಳುವ ಅಂದುಕೊಂಡ. ಅಷ್ಟರಲ್ಲಿ ರಹ್ಮತ್ ಜಾಕಿ ಕೊಟ್ಟು ಜೀಪಿನ ಅಡಿಗೆ ನುಗ್ಗಿಯಾಗಿತ್ತು.

ಸೋತ ಪ್ಲೇಟುಗಳು ಹೊರಬಿದ್ದವು. ಎಣ್ಣೆ ಸೋರಿ ಸತ್ತ ಶಾಕುಗಳೂ ಬಂದವು. ಹೊಸತನ್ನು ಜೋಡಿಸಿದ ರಹ್ಮತ್, ಎಡಬದಿಗೆ ಒಂದು ಪ್ಲೇಟು ಹೆಚ್ಚಿಗೆ ಕೊಟ್ಟ. ಆಮೇಲೆ ಪಕ್ಕದ ಅಂಗಡಿಯಿಂದ ಎರಡು ಮುಡಿ ಅಕ್ಕಿ ಹೊರಿಸಿ ತಂದು ದಣಿಗಳ ಸೀಟಿನಲ್ಲಿ ಒಂದರ ಮೇಲೊಂದು ಕೂರಿಸಿದ. ಅವನ ಕ್ರಮವೇ ಅದು: ಯಾರ ಗಾಡಿಯೋ ಅವರ ಭಾರಕ್ಕೆ ಮಟ್ಟ ಮಾಡುವುದು. ಬಾನೆಟ್ಟಿನ ಮೇಲೆ ಬಟ್ಟಲಲ್ಲಿ ನೀರಿಟ್ಟು, ಕಣ್ಣು ಕಿರಿದು ಮಾಡಿ ನೋಡಿದ.

"ದಣಿಗಳು ಕೂತರೆ ಮಟ್ಟ. ಖಾಲಿ ಇರುವಾಗ ಎಡಬದಿ ಸ್ವಲ್ಪ ಎತ್ತರ ಕಾಣ್ತದೆ, ಹೆದರಬೇಡಿ."

ಈಗಲಾದರೂ ಹೇಳಬೇಕಿತ್ತು. ಆದರೆ ಹುಲ್ಲು ಸುತ್ತಿದ ಆ ಎರಡು ಮುಡಿಗಳು ಥೇಟ್ ದಣಿಗಳ ಗತ್ತಿನಲ್ಲೇ ಕೂತಿದ್ದವು. ಮುಂಡಪ್ಪ ಚಾ ಕುಡಿದು ಬರುತ್ತೇನೆಂದು ಹೊರಗೆ ಹೋಗಿ, ಚಾ ಕುಡಿಯದೆ ಅತ್ತು ಬಂದ.

ಮನೆಯ ಅಂಗಳದಲ್ಲಿ ಜೀಪು ಬಲಕ್ಕೆ ವಾಲಿ ನಿಂತದ್ದನ್ನು ನೋಡಿ ಅನಂತರಾಜನಿಗೆ ಪಿತ್ತ ನೆತ್ತಿಗೇರಿತು.

"ಎಂಥ ಮಾರಾಯ ಇದು! ಸರಿ ಮಾಡಿಸು ಅಂದರೆ ಇನ್ನೊಂದು ಬದಿಗೆ ವಾಲಿಸಿ ತಂದಿದ್ದೀಯಲ್ಲ!"

ಗಲಾಟೆ ಕೇಳಿ ರಾಜಮತಿಯಮ್ಮ ಹೊರಗೆ ಬಂದರು. ಮುಂಡಪ್ಪ ತಲೆ ತಗ್ಗಿಸಿ, "ಸುಖ" ಎಂದದ್ದರಿಂದ ಹಿಡಿದು ಅಕ್ಕಿ ಮುಡಿಯವರೆಗೆ ಎಲ್ಲವನ್ನೂ ಒಪ್ಪಿಸಿದ. ಬೈಗುಳಕ್ಕೆ ಕಾದು ನಿಂತ.

"ಎಷ್ಟು ಮುಡಿ ಇಟ್ಟ?" ಎಂದರು ಅಮ್ಮ.

"ಎರಡು, ಅಮ್ಮ."

"ಎರಡು ಎಲ್ಲಿಗೆ ಸಾಕು ಅವರಿಗೆ!" ಅಮ್ಮನದು ನಗುವೋ ಅಳುವೋ ಮುಂಡಪ್ಪನಿಗೆ ತಿಳಿಯಲಿಲ್ಲ. ಅವರು ಮೆಟ್ಟಿಲಿಳಿದು ಜೀಪಿನ ಸುತ್ತ ಒಂದು ಸಲ ನಡೆದರು. ಖಾಲಿ ಸೀಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ನಾಳೆ ಹೊರಡುವ. ವಿಮಲಾಗೆ ಒಂದು ಮುಡಿ ಅಕ್ಕಿ ಕೊಂಡುಹೋಗ್ತೇನೆ. ಅದನ್ನು ಈ ಸೀಟಿನ ಹಿಂದೆಯೇ ಇಡು."

ಆ ಮನೆಯ ಹೆಂಗಸರು ಜೀಪಿನಲ್ಲಿ ಕೂರುವುದೆಂದರೆ ಹಿಂದೆ, ಪರದೆ ಬಿಟ್ಟು. ಮರುದಿನ ಬೆಳಿಗ್ಗೆ ರಾಜಮತಿಯಮ್ಮ ಸೆರಗು ಸಿಕ್ಕಿಸಿಕೊಂಡು ಸೀದಾ ಮುಂದೆ ಹತ್ತಿ ಕೂತರು. ಜೀಪು ಮೆಲ್ಲಗೆ ಎಡಕ್ಕೆ ಇಳಿದು ಹೆಚ್ಚುಕಡಿಮೆ ಮಟ್ಟವಾಯಿತು. ಬೇಡವೆನ್ನಲು ಬಾಯಿ ತೆರೆದ ಅನಂತರಾಜ ಹಾಗೇ ಮುಚ್ಚಿಕೊಂಡ.

"ಬಂಟ್ವಾಳದ ಮೇಲೆ ಹೋಗುವ," ಎಂದರು ಅಮ್ಮ.

"ಸುತ್ತು ಆಗ್ತದೆ ಅಮ್ಮ," ಎಂದ ಮುಂಡಪ್ಪ.

"ಆಗಲಿ."

ಗ್ಯಾರೇಜಿನ ಎದುರು ಜೀಪು ನಿಂತಾಗ ರಹ್ಮತ್ ನಗುತ್ತ ಬಂದವನು ಆ ಸೀಟಿನಲ್ಲಿ ಅಮ್ಮನನ್ನು ಕಂಡು ನಿಂತುಬಿಟ್ಟ. ಮುಂಡಪ್ಪ ಸ್ಟೇರಿಂಗು ಬಿಗಿಯಾಗಿ ಹಿಡಿದುಕೊಂಡ.

"ಅವರು ಹೋದರು ರಹ್ಮತ್. ಹೋಗಿ ವರ್ಷವಾಯಿತು," ಎಂದರು ರಾಜಮತಿಯಮ್ಮ. ಆ ಮಾತನ್ನು ಅವರು ಇಷ್ಟು ದಿನ ಯಾರೆದುರೂ ಆಡಿರಲಿಲ್ಲ. "ಇವನ ಮೇಲೆ ಸಿಟ್ಟು ಮಾಡಬೇಡ. ಇವನಿಗೆ ಹೇಳಲಿಕ್ಕೆ ಆಗಲಿಲ್ಲ."

ರಹ್ಮತ್ ತಲೆಯ ಟೊಪ್ಪಿ ಸರಿಮಾಡಿಕೊಂಡ. ಆಮೇಲೆ ಬಗ್ಗಿ ಎಡಚಕ್ರದ ಹಿಂದೆ ಕೈ ಹಾಕಿ, "ಹೆಚ್ಚಿನ ಪ್ಲೇಟು ತೆಗೆದು ಕೊಡ್ತೇನೆ ಅಮ್ಮ. ಈಗಲೇ ಆಗ್ತದೆ," ಎಂದ.

"ಬೇಡ. ಇನ್ನು ಇಲ್ಲಿ ಕೂರುವುದು ನಾನು. ಇರಲಿ."

ಜೀಪು ಮಡಂತ್ಯಾರಿನ ರಸ್ತೆ ಹಿಡಿಯಿತು. ಮುಂಡಪ್ಪನ ಕೈ ಹಳೆಯ ಅಭ್ಯಾಸದಿಂದ ಬಲಕ್ಕೆ ಎಳೆಯುತ್ತಿತ್ತು. ಒಂದೆರಡು ಸಲ ಎದುರಿನ ಎತ್ತಿನಗಾಡಿಯವನಿಂದ ಬೈಸಿಕೊಂಡ. ಅಮ್ಮ ರಸ್ತೆಯನ್ನು, ಗುಡ್ಡಗಳನ್ನು ಹೊಸತಾಗಿ ನೋಡುವವರಂತೆ ನೋಡುತ್ತಿದ್ದರು.

"ಮುಂಡಪ್ಪ, ನೀವಿಬ್ಬರು ಇಷ್ಟು ವರ್ಷ ಹೀಗೆ ಕೂತು ಎಂಥ ಮಾತಾಡುತ್ತಿದ್ದಿರಿ?"

ಮುಂಡಪ್ಪನಿಗೆ ಇನ್ನೊಮ್ಮೆ ಸುಳ್ಳು ಹೇಳುವ ಧೈರ್ಯ ಇರಲಿಲ್ಲ. "ಎಂಥದೂ ಇಲ್ಲ ಅಮ್ಮ. ಜೀಪು ಹೊರಟ ಕೂಡಲೇ ದಣಿಗಳಿಗೆ ನಿದ್ದೆ."

ರಾಜಮತಿಯಮ್ಮ ಸೆರಗು ಬಾಯಿಗೆ ಒತ್ತಿ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಮಡಂತ್ಯಾರು ದಾಟುವಷ್ಟರಲ್ಲಿ ಅವರ ತಲೆಯೂ ಸೀಟಿಗೆ ಒರಗಿತ್ತು. ಮುಂಡಪ್ಪ ಅದನ್ನು ನೋಡಿದ. ಆ ಸೀಟಿನಲ್ಲಿ ನಿದ್ದೆ ಬಿದ್ದಾಗ ತಾನು ಯಾವಾಗಲೂ ಮಾಡುತ್ತಿದ್ದಂತೆ ವೇಗ ಇಳಿಸಿ, ಹೊಂಡಗಳನ್ನು ತಪ್ಪಿಸುತ್ತ ಬೆಳ್ತಂಗಡಿಯ ಕಡೆಗೆ ಸಾಗಿದ.